ಕಫದಲ್ಲಿ ರೋಗಾಣುವಿನ ಗುರುತು

ಶ್ವಾಸಕೋಶದ ಸೋಂಕಿಗೆ ಕಾರಣವಾದ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ಒಂದೆರಡು ದಿನವಾದರೂ ಬೇಕು. ಕಫವನ್ನು ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಸವರಿ, ಒಣಗಿಸಿ, ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಂಟೆಯೊಳಗೆ ಮೊದಲ ಸುಳಿವು ಸಿಗಬಲ್ಲದು.

ಹೀಗೆ ಕೊಡುವ ಗ್ರಾಮ್ ಬಣ್ಣದ ವಿಧಾನ ಹುಟ್ಟಿದ್ದೂ ನ್ಯುಮೋನಿಯಾದ ಅಧ್ಯಯನದಲ್ಲಿಯೇ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬರ್ಲಿನ್ನಿನಲ್ಲಿದ್ದಾಗ, ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ಅಂಗಾಂಶದಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣುವಂತೆ ಮಾಡಲು ರೂಪಿಸಿದ ಕ್ರಮವನ್ನು 1884ರಲ್ಲಿ ಪ್ರಕಟಿಸಿದರು. ಈಗಿನ ರೂಢಿಯಲ್ಲಿ ಮೊದಲು ಕ್ರಿಸ್ಟಲ್ ವಯೊಲೆಟ್ ಎಂಬ ನೇರಳೆ ಬಣ್ಣವನ್ನೂ ಅದನ್ನು ಕಚ್ಚಿಸುವ ಅಯೊಡಿನನ್ನೂ ಹಾಕಿ, ಆಲ್ಕೋಹಾಲಿನಿಂದ ತೊಳೆದು, ಕೊನೆಗೆ ಸಫ್ರಾನಿನ್ ಎಂಬ ಕೆಂಪು ಬಣ್ಣ ಕೊಡುತ್ತಾರೆ. ದಪ್ಪ ಕೋಶಭಿತ್ತಿಯ ಬ್ಯಾಕ್ಟೀರಿಯಾ ನೇರಳೆಯಾಗಿಯೇ ಉಳಿದು ಗ್ರಾಮ್ ಪಾಸಿಟಿವ್ ಎನಿಸಿಕೊಂಡರೆ, ತೆಳು ಭಿತ್ತಿಯವು ನೇರಳೆಯನ್ನು ಕಳೆದುಕೊಂಡು ಕೆಂಪಡರಿ ಗ್ರಾಮ್ ನೆಗೆಟಿವ್ ಎನಿಸುತ್ತವೆ.

ಬ್ಯಾಕ್ಟೀರಿಯಾವನ್ನು ಹುಡುಕುವ ಮೊದಲು ಸ್ಲೈಡಿನಲ್ಲಿರುವುದು ನಿಜವಾಗಿ ಕಫವೇ ಎಂಬುದು ತೀರ್ಮಾನವಾಗಬೇಕು. ಇಡೀ ಪರೀಕ್ಷೆಯ ಬೆಲೆ ನಿಂತಿರುವುದು ಇಲ್ಲಿಯೇ. ನೂರು ಪಟ್ಟು ಹಿಗ್ಗಿಸಿ ನೋಡಿದಾಗ ಒಂದು ನೋಟದ ವೃತ್ತದಲ್ಲಿ ಬಿಳಿ ರಕ್ತಕಣಗಳು 25ಕ್ಕಿಂತ ಹೆಚ್ಚಿದ್ದು, ಬಾಯಿಯ ಒಳಪದರದಿಂದ ಉದುರಿದ ಚಪ್ಪಟೆ ಕೋಶಗಳು 10ಕ್ಕಿಂತ ಕಡಿಮೆ ಇದ್ದರೆ ಅದು ಒಳ್ಳೆಯ ಮಾದರಿ. ಚಪ್ಪಟೆ ಕೋಶಗಳೇ ತುಂಬಿದ್ದರೆ ಅದು ಬಹುಪಾಲು ಎಂಜಲು. ಆರೋಗ್ಯವಂತರ ಬಾಯಲ್ಲಿಯೂ ಇರುವ ಬ್ಯಾಕ್ಟೀರಿಯಾವನ್ನು ರೋಗಕಾರಕವೆಂದು ಭಾವಿಸಿ ತಪ್ಪು ಔಷಧ ಕೊಡುವ ಅಪಾಯ ಅದರಲ್ಲಿದೆ.

ಭರ್ಜಿಯ ಮೊನೆಯಾಕಾರದ ನೇರಳೆ ಕಣಗಳು ಜೋಡಿಜೋಡಿಯಾಗಿ ಕಂಡರೆ ನ್ಯುಮೋಕಾಕಸ್, ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡಿದ್ದರೆ ಸ್ಟಫೈಲೋಕಾಕಸ್, ದಪ್ಪನೆಯ ಕೆಂಪು ಕಡ್ಡಿಗಳಿದ್ದರೆ ಕ್ಲೆಬ್ಸಿಯೆಲ್ಲಾ ಇರಬಹುದೆಂಬ ಊಹೆ ಬಲಗೊಳ್ಳುತ್ತದೆ. ಮೇಣದಂಥ ಭಿತ್ತಿಯ ಕ್ಷಯದ ಬ್ಯಾಕ್ಟೀರಿಯಾಕ್ಕೆ ಗ್ರಾಮ್ ಬಣ್ಣ ಸರಿಯಾಗಿ ಹತ್ತುವುದಿಲ್ಲವಾದ್ದರಿಂದ ಜೀಲ್-ನೀಲ್ಸನ್ ವಿಧಾನದಲ್ಲಿ ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣವನ್ನು ಕಾಯಿಸಿ ಒಳಹೊಗಿಸುತ್ತಾರೆ. ಆಮ್ಲದಿಂದ ತೊಳೆದರೂ ಬಿಡದ ಆ ಕೆಂಪು, ನೀಲಿ ಹಿನ್ನೆಲೆಯಲ್ಲಿ ಸಣ್ಣ ಗೀರುಗಳಾಗಿ ಕಾಣುತ್ತದೆ. ಹೀಗೆ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಬ್ಯಾಕ್ಟೀರಿಯಾ ಇರಬೇಕಾದ್ದರಿಂದ, ಏನೂ ಕಾಣದಿದ್ದರೆ ಕ್ಷಯವಿಲ್ಲವೆಂದು ಹೇಳುವಂತಿಲ್ಲ. ಕೋಶಭಿತ್ತಿಯೇ ಇಲ್ಲದ ಮೈಕೊಪ್ಲಾಸ್ಮಾವಂತೂ ಗ್ರಾಮ್ ಬಣ್ಣಕ್ಕೆ ಸಿಕ್ಕುವುದೇ ಇಲ್ಲ.

ಮಾದರಿ ಬರಿಯ ಎಂಜಲಾಗದಿರಲು ಕಫ ಕೊಡುವವರು ಬಾಯನ್ನು ನೀರಿನಿಂದ ಮುಕ್ಕಳಿಸಿ, ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ಬಂದುದನ್ನೇ ಡಬ್ಬಿಗೆ ಹಾಕಬೇಕು. ಸಾಧ್ಯವಿದ್ದಲ್ಲೆಲ್ಲ ಆ್ಯಂಟಿಬಯೋಟಿಕ್ಕಿನ ಮೊದಲ ಗುಳಿಗೆಗೆ ಮುಂಚೆಯೇ ಕೊಡಬೇಕು.