ತಲೆಗೂ ಟೊಂಗೆಗೂ ನಡುವೆ ಎರಡು ಬೆರಳು

ಏಪ್ರಿಲ್ ಬಂತೆಂದರೆ ಕಲಬುರಗಿ ಜಿಲ್ಲೆಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಬಿಸಿಲು 42 ಡಿಗ್ರಿ ದಾಟುವ ಸೀಮೆಯಲ್ಲಿ ಅದು ಎಲ್ಲರೂ ಒಪ್ಪಿಕೊಂಡ ವಾಡಿಕೆ. ಗಿಡ ಕಡಿಯುವವರಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅವರ ಕೆಲಸಕ್ಕೆ ಬಿರುಸು ಬರುವುದೇ ಆಗ. ಮುಂಗಾರಿಗೆ ಮುಂಚಿನ ಗಾಳಿ ಏಳುವ ಮೊದಲು ಜೆಸ್ಕಾಂನ ವಿದ್ಯುತ್ ತಂತಿಗಳಿಗೆ ತಾಗುವ ಬೇವಿನ ಟೊಂಗೆ ಸವರಬೇಕು, ಬಿತ್ತನೆಗೆ ಮೊದಲು ಬದುವಿನ ಬಳ್ಳಾರಿ ಜಾಲಿ ತೆಗೆಯಬೇಕು, ಮನೆಯ ಮೇಲೆ ವಾಲಿದ ಹುಣಸೆಯನ್ನು ಇಳಿಸಬೇಕು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹೇಳಿಕೊಳ್ಳುವಂಥ ಕಾಡಿಲ್ಲ. ಇರುವ ಗಿಡಗಳೆಲ್ಲ ಹೊಲದ ಬದು, ರಸ್ತೆಯ ಅಂಚು, ಗುಡಿಯ ಅಂಗಳಗಳಲ್ಲಿ, ಅಂದರೆ ಜನ ಓಡಾಡುವ ಕಡೆಯೇ ನಿಂತಿವೆ.

ಕೊಡಲಿಯ ಜಾಗಕ್ಕೆ ಈಗ ಪೆಟ್ರೋಲಿನಿಂದ ಓಡುವ ಚೈನ್ ಸಾ ಬಂದಿದೆ. ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಅದನ್ನು ಹಿಡಿದವನ ತಲೆಯ ಮೇಲೆ ಇರುವುದು ಮಾತ್ರ ಕೊಡಲಿ ಕಾಲದ ದಸ್ತಿಯೇ, ಇಲ್ಲವೇ ಗಾಂಧಿ ಟೋಪಿ. ಸ್ವಲ್ಪ ಹುಷಾರಿನವನಾದರೆ ಬೈಕಿನ ಹೆಲ್ಮೆಟ್ಟು.

ಬೈಕಿನ ಹೆಲ್ಮೆಟ್ ಏನೂ ಇಲ್ಲದ್ದಕ್ಕಿಂತ ಮೇಲು ಎಂಬ ವಾದ ಪೂರ್ತಿ ಸುಳ್ಳಲ್ಲ. ಆದರೂ ಅದು ಬೇರೆ ಅಪಘಾತಕ್ಕೆಂದು ಹುಟ್ಟಿದ ವಸ್ತು. ಭಾರತದಲ್ಲಿ ಅದರ ಮಾನಕ ಐಎಸ್ 4151. ಸವಾರ ಬಿದ್ದು ತಲೆ ರಸ್ತೆಗೆ ಅಪ್ಪಳಿಸಿದಾಗ ಒಳಗಿನ ದಪ್ಪ ಥರ್ಮಕೋಲ್ ಜಜ್ಜಿಹೋಗಿ ಪೆಟ್ಟನ್ನು ನುಂಗುತ್ತದೆ. ಒಮ್ಮೆ ಜಜ್ಜಿದ ಥರ್ಮಕೋಲ್ ಮತ್ತೆ ಉಬ್ಬುವುದಿಲ್ಲ, ಜಜ್ಜಿದ್ದು ಹೊರಗಿನಿಂದ ಕಾಣುವುದೂ ಇಲ್ಲ. ಗಿಡ ಕಡಿಯುವವನು ಗಳಿಗೆಗೊಮ್ಮೆ ಕತ್ತೆತ್ತಿ ಮೇಲೆ ನೋಡಬೇಕು, ಬೈಕಿನ ಹೆಲ್ಮೆಟ್ಟಿನೊಳಗಿಂದ ಮೇಲಿನ ನೋಟ ಸರಿಯಾಗಿ ಸಿಗದು. ಕಿವಿಗೆ ಅದು ಕೊಡುವ ರಕ್ಷಣೆಯೂ ಅಷ್ಟಕ್ಕಷ್ಟೆ. ಮೇ ತಿಂಗಳಲ್ಲಂತೂ ‘ಇದನ್ನ ಹಾಕ್ಕೊಂಡ್ರ ತಲಿ ಕುದೀತದ್ರಿ’ ಎಂದು ಕಳಚಿಟ್ಟವನನ್ನು ಬೈಯುವುದು ಕಷ್ಟ.

ದುಡಿಮೆಯ ಹೆಲ್ಮೆಟ್ಟಿನ ದಾರಿಯೇ ಬೇರೆ. ಮೊದಲ ಮಹಾಯುದ್ಧದಲ್ಲಿ ಉಕ್ಕಿನ ಶಿರಸ್ತ್ರಾಣ ತೊಟ್ಟು ಬಂದ ಎಡ್ವರ್ಡ್ ಬುಲ್ಲಾರ್ಡ್, 1919ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗಣಿ ಕಾರ್ಮಿಕರಿಗಾಗಿ ಒಂದು ಗಟ್ಟಿ ಟೋಪಿ ಮಾಡಿದ. ಕ್ಯಾನ್ವಾಸ್ ಬಟ್ಟೆಯನ್ನು ಹಬೆಯಲ್ಲಿ ಮೆದುಗೊಳಿಸಿ, ಅಂಟು ಬಳಿದು, ಅಚ್ಚಿನಲ್ಲಿ ಒತ್ತಿ ಮಾಡಿದ್ದು. 1933ರಲ್ಲಿ ಗೋಲ್ಡನ್ ಗೇಟ್ ಸೇತುವೆಯ ಕೆಲಸ ಶುರುವಾದಾಗ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಅಂಥ ಟೋಪಿಯನ್ನು ಅಲ್ಲಿ ಕಡ್ಡಾಯ ಮಾಡಿದರು. ಚಿಪ್ಪು ಕ್ಯಾನ್ವಾಸಿನಿಂದ ಪ್ಲಾಸ್ಟಿಕ್ಕಿಗೆ ಬದಲಾಯಿತು. ಆದರೆ ಕೊಳ್ಳುವವರ ಕಣ್ಣು ಇವತ್ತಿಗೂ ಆ ಚಿಪ್ಪಿನ ಮೇಲೆಯೇ. ಅಂಗಡಿಯಲ್ಲಿ ಬೆರಳಿನಿಂದ ಟಕಟಕ ಬಡಿದು ‘ಗಟ್ಟಿ ಅದ’ ಎಂದು ತೃಪ್ತಿಪಡುತ್ತಾರೆ.

ನೋಡಬೇಕಾದ್ದು ಒಳಗಡೆ. ಚಿಪ್ಪಿನ ಒಳಗೆ ಆರೆಂಟು ಕಡೆ ಸಿಕ್ಕಿಸಿದ ಪಟ್ಟಿಗಳ ಒಂದು ಜಾಲ ಇರುತ್ತದೆ. ನೆಲುವಿನಲ್ಲಿ ಗಡಿಗೆ ಕೂತಂತೆ ಅದರಲ್ಲಿ ತಲೆ ಕೂರುತ್ತದೆ. ನೆತ್ತಿಗೂ ಚಿಪ್ಪಿಗೂ ನಡುವೆ ಉಳಿಯುವ ಎರಡು ಬೆರಳಿನಷ್ಟು ಖಾಲಿ ಜಾಗವೇ ಹೆಲ್ಮೆಟ್ಟಿನ ಅಸಲು ಬಂಡವಾಳ. ಯುರೋಪಿನ ಇಎನ್ 397 ಮಾನಕದ ಪ್ರಕಾರ ಈ ಅಂತರ ಕನಿಷ್ಠ 25 ಮಿಲಿಮೀಟರ್ ಇರಲೇಬೇಕು.

ಯಾಕೆಂದು ಒಂದು ಲೆಕ್ಕ ಹೇಳುತ್ತದೆ. ಅದೇ ಮಾನಕದ ಪರೀಕ್ಷೆಯಲ್ಲಿ 5 ಕೆ.ಜಿ. ತೂಕವನ್ನು 1 ಮೀಟರ್ ಎತ್ತರದಿಂದ ಹೆಲ್ಮೆಟ್ಟಿನ ಮೇಲೆ ಬಿಡುತ್ತಾರೆ. ಅದರ ಶಕ್ತಿ 49 ಜೂಲ್. ಪಟ್ಟಿಗಳು ಹಿಗ್ಗುತ್ತ 25 ಮಿಲಿಮೀಟರಿನಲ್ಲಿ ಆ ತೂಕವನ್ನು ತಡೆದು ನಿಲ್ಲಿಸಿದರೆ ತಲೆಗೆ ಬೀಳುವ ಸರಾಸರಿ ಬಲ ಸುಮಾರು 2 ಸಾವಿರ ನ್ಯೂಟನ್. ಅದನ್ನೇ 5 ಮಿಲಿಮೀಟರಿನಲ್ಲಿ ನಿಲ್ಲಿಸಬೇಕಾಗಿ ಬಂದರೆ ಸುಮಾರು 10 ಸಾವಿರ. ಮಾನಕ ಒಪ್ಪುವ ಗರಿಷ್ಠ ಬಲ 5 ಸಾವಿರ ನ್ಯೂಟನ್, ಅಂದರೆ ಐದು ಕ್ವಿಂಟಲ್ ಭಾರಕ್ಕೆ ಸಮ. ಚಿಪ್ಪು ಒಂದೇ, ಪೆಟ್ಟು ಒಂದೇ. ಬದಲಾದದ್ದು ನಡುವಿನ ಜಾಗ ಮಾತ್ರ.

ಹೀಗಾಗಿ ದಸ್ತಿಯನ್ನು ಮಡಿಸಿ ನೆತ್ತಿಯ ಮೇಲಿಟ್ಟು ಅದರ ಮೇಲೆ ಹೆಲ್ಮೆಟ್ ಕೂರಿಸುವುದು, ಬೀಡಿ ಕಟ್ಟನ್ನೋ ಮೊಬೈಲನ್ನೋ ಪಟ್ಟಿಗಳ ಮೇಲೆ ಸಿಕ್ಕಿಸಿಡುವುದು ದುಬಾರಿಯಾದ ಅನುಕೂಲ. ಆ ಜಾಗ ತುಂಬಿದಷ್ಟೂ ಪೆಟ್ಟು ನೇರವಾಗಿ ಬುರುಡೆಗೆ ಇಳಿಯುತ್ತದೆ. ಬೆವರಿಗೆ ಹಣೆಯ ಪಟ್ಟಿ ಇದೆ. ಬಿಚ್ಚಿ ತೊಳೆಯಬಹುದು, ಹಳತಾದರೆ ಬದಲಿಸಬಹುದು.

ಈ ರಕ್ಷಣೆಗೂ ಒಂದು ಮಿತಿ ಇದೆ. 10 ಸೆಂಟಿಮೀಟರ್ ದಪ್ಪ, 1 ಮೀಟರ್ ಉದ್ದದ ಹುಣಸೆ ಟೊಂಗೆ ಏಳೆಂಟು ಕೆ.ಜಿ. ತೂಗುತ್ತದೆ. 8 ಮೀಟರ್ ಎತ್ತರದಿಂದ ಕಳಚಿದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 45 ಕಿಲೋಮೀಟರ್, ಶಕ್ತಿ ಸುಮಾರು 590 ಜೂಲ್. ಪರೀಕ್ಷೆಯ ಪೆಟ್ಟಿಗಿಂತ 12 ಪಟ್ಟು. ಅದನ್ನು ತಡೆಯುತ್ತೇನೆಂದು ಯಾವ ಹೆಲ್ಮೆಟ್ಟೂ ಮಾತು ಕೊಟ್ಟಿಲ್ಲ. ಗಿಡ ಬೀಳಿಸುವಾಗ ಅದರ ಎತ್ತರದ ಎರಡರಷ್ಟು ದೂರದೊಳಗೆ ಬೇರೆ ಯಾರೂ ನಿಲ್ಲಬಾರದೆಂಬ ನಿಯಮ ಹುಟ್ಟಿದ್ದು ಅದಕ್ಕೇ. ಊರಿನಲ್ಲಿ ಗಿಡ ಬೀಳುವುದು ನೋಡಲು ನೆರೆಯುವ ಹುಡುಗರ ಗುಂಪನ್ನು ಚದುರಿಸುವುದು ಅರ್ಧ ಕೆಲಸವೇ ಸರಿ.

ಹೆಲ್ಮೆಟ್ಟೂ ಅದರ ಮುಂದಿನ ಜಾಲರಿಯೂ ಚೈನನ್ನು ತಡೆಯುತ್ತವೆ ಎಂಬುದು ಇನ್ನೊಂದು ತಪ್ಪು ನಂಬಿಕೆ. ಪೂರ್ತಿ ವೇಗದಲ್ಲಿ ಅದರ ಹಲ್ಲುಗಳು ಸೆಕೆಂಡಿಗೆ 20 ಮೀಟರಿನಷ್ಟು ಓಡುತ್ತವೆ. ಗರಗಸದ ಪಟ್ಟಿಯ ತುದಿಯ ಮೇಲ್ಭಾಗ ಏನಕ್ಕಾದರೂ ತಾಗಿದರೆ ಇಡೀ ಯಂತ್ರ ಹಿಂದಕ್ಕೆ, ಮೇಲಕ್ಕೆ, ಹಿಡಿದವನ ಮುಖದ ಕಡೆಗೆ ಒದೆಯುತ್ತದೆ. ಯಾವ ಪ್ಲಾಸ್ಟಿಕ್ ಚಿಪ್ಪೂ, ಯಾವ ಜಾಲರಿಯೂ ಓಡುವ ಚೈನನ್ನು ನಿಲ್ಲಿಸಲಾರದು. ಅಲ್ಲಿ ಉಳಿಸುವುದು ಯಂತ್ರದ ಚೈನ್ ಬ್ರೇಕು, ಎರಡೂ ಕೈಯ ಬಿಗಿ ಹಿಡಿತ, ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯದ ಶಿಸ್ತು. ಬಳ್ಳಾರಿ ಜಾಲಿಯಲ್ಲಿ ಈ ಒದೆತದ ಭಯ ಹೆಚ್ಚು. ಬುಡದಿಂದಲೇ ಕವಲೊಡೆದು ಹೆಣೆದುಕೊಂಡ ಕಾಂಡಗಳಲ್ಲಿ ತುದಿ ಎಲ್ಲಿ ತಾಗಿತೆಂದು ತಿಳಿಯುವುದೇ ಇಲ್ಲ.

ಹಾಗಾದರೆ ಮುಖದ ಮುಂದೆ ಜಾಲರಿ ಯಾಕೆ? ಹಾರುವ ಚಕ್ಕೆ, ಪುಡಿ, ಚಿಮ್ಮುವ ಮುಳ್ಳಿನ ಕಡ್ಡಿಗಾಗಿ. ಈ ಸೀಮೆಯ ಜಾಲಿ ಮುಳ್ಳು ಚಪ್ಪಲಿಯ ಅಟ್ಟೆ ದಾಟಿ ಬರುವಂಥದ್ದು, ಕಣ್ಣಿನ ಗತಿ ಹೇಳಬೇಕಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಪರದೆ ಚೆನ್ನಾಗಿ ಕಂಡರೂ ಬೆವರಿನ ಹಬೆಗೆ ಮಂಜು ಕಟ್ಟುತ್ತದೆ, ಗೀರು ಬೀಳುತ್ತದೆ. ಉಕ್ಕಿನ ಜಾಲರಿಯಲ್ಲಿ ಗಾಳಿ ಆಡುತ್ತದೆ. ಆದರೆ ಸಣ್ಣ ಪುಡಿ ಅದರ ಕಣ್ಣುಗಳಲ್ಲಿ ನುಸುಳಿ ಬರುವುದರಿಂದ ಒಳಗೆ ಸುರಕ್ಷತಾ ಕನ್ನಡಕವೂ ಬೇಕು. ಕಲಬುರಗಿಯ ಸೆಕೆಗೆ ಜಾಲರಿ ಮತ್ತು ಕನ್ನಡಕದ ಜೋಡಿಯೇ ಸರಿ.

ಕಿವಿಯ ಸಂಗತಿಯನ್ನು ಜನ ಎಲ್ಲಕ್ಕಿಂತ ಹಗುರವಾಗಿ ಕಾಣುತ್ತಾರೆ. ಅಲ್ಲಿ ರಕ್ತ ಬರುವುದಿಲ್ಲ ನೋಡಿ. ಚೈನ್ ಸಾ ಸದ್ದು ಹಿಡಿದವನ ಕಿವಿಯ ಬಳಿ 100 ಡೆಸಿಬೆಲ್ ದಾಟುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧವಾಗುತ್ತದೆ. 100ಕ್ಕೆ ಬರುವ ಹೊತ್ತಿಗೆ ಉಳಿಯುವುದು 15 ನಿಮಿಷ. ಒಂದು ಬೇವಿನ ಗಿಡ ಮುಗಿಯುವ ಮೊದಲೇ ದಿನದ ಪಾಲು ತೀರಿರುತ್ತದೆ. ಅರಣ್ಯ ಕೆಲಸದ ಹೆಲ್ಮೆಟ್ಟಿನಲ್ಲಿ ಎರಡು ಬದಿಗೂ ಕಿವಿಮುಚ್ಚುಗಳು ಸಿಕ್ಕಿಸಿಯೇ ಬರುತ್ತವೆ. ಅವು ಚರ್ಮಕ್ಕೆ ಸುತ್ತಲೂ ಅಂಟಿ ಕೂತರೆ ಮಾತ್ರ ಕೆಲಸ. ಕಿವಿಯ ಮೇಲೆ ಸುತ್ತಿದ ದಸ್ತಿ, ಕನ್ನಡಕದ ದಪ್ಪ ಕಡ್ಡಿ ನಡುವೆ ಬಂದರೆ ಆ ಸಂದಿನಿಂದ ಸದ್ದು ನುಗ್ಗುತ್ತದೆ.

ಗದ್ದದ ಪಟ್ಟಿಯ ವಿಷಯದಲ್ಲಿ ನೆಲದ ಮೇಲಿನವನಿಗೊಂದು ನಿಯಮ, ಗಿಡ ಹತ್ತಿದವನಿಗೊಂದು. ಇಎನ್ 397ರ ಪಟ್ಟಿ 150ರಿಂದ 250 ನ್ಯೂಟನ್ ಬಲಕ್ಕೆ ತಾನೇ ಬಿಚ್ಚಿಕೊಳ್ಳಬೇಕು. ಹೆಲ್ಮೆಟ್ ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯಬಾರದಲ್ಲ. ಆದರೆ ಹುಣಸೆಯ ನೆತ್ತಿಯಲ್ಲಿ ನಿಂತವನು ಜಾರಿ ಬಿದ್ದಾಗ ಹೆಲ್ಮೆಟ್ ಮೊದಲೇ ಹಾರಿಹೋದರೆ ಏನುಳಿಯಿತು? ಪರ್ವತಾರೋಹಿಗಳ ಮಾನಕ ಇಎನ್ 12492 ಆದ್ದರಿಂದ ಪಟ್ಟಿ 500 ನ್ಯೂಟನ್ ತಾಳಬೇಕೆನ್ನುತ್ತದೆ. ಹತ್ತುವವನು ಆ ಬಗೆಯದನ್ನೇ ಕೇಳಿ ಪಡೆಯಬೇಕು.

ಗಾಳಿಕಿಂಡಿಯದ್ದು ಈ ಮೂರು ತಾಲ್ಲೂಕುಗಳಲ್ಲಿ ನಿಜವಾದ ಇಕ್ಕಟ್ಟು. ಸೆಕೆಗೆ ಕಿಂಡಿ ಬೇಕು. ತಂತಿಯ ಬಳಿ ಕೆಲಸ ಮಾಡುವವನಿಗೆ ಕಿಂಡಿ ಇರಬಾರದು, ಯಾಕೆಂದರೆ ಕಿಂಡಿ ಇರುವ ಚಿಪ್ಪು ವಿದ್ಯುತ್ತನ್ನು ತಡೆಯುವ ಭರವಸೆ ಕೊಡುವುದಿಲ್ಲ. ಹೊಲದ ಕೆಲಸಕ್ಕೆ ಕಿಂಡಿಯುಳ್ಳದ್ದು, ತಂತಿ ಪಕ್ಕದ ಕೆಲಸಕ್ಕೆ ಕಿಂಡಿ ಇಲ್ಲದ ತಿಳಿಬಣ್ಣದ್ದು, ಇದು ಸರಳ ಆಯ್ಕೆ. ಇಷ್ಟಾದರೂ 11 ಕಿಲೋವೋಲ್ಟ್ ತಂತಿಗೆ ತಾಗಿದ ಹಸಿ ಟೊಂಗೆ ಹಿಡಿದವನ ಕೈಯನ್ನು ತಲೆಯ ಮೇಲಿನ ಪ್ಲಾಸ್ಟಿಕ್ ಕಾಯಲಾರದು. ಲೈನ್‌ಮನ್‌ನಿಂದ ಎಲ್‌ಸಿ (ಲೈನ್ ಕ್ಲಿಯರ್) ಪಡೆದು, ಸಪ್ಲೈ ನಿಂತದ್ದು ಖಾತ್ರಿಯಾದ ಮೇಲೆಯೇ ಯಂತ್ರದ ಹಗ್ಗ ಎಳೆಯಬೇಕು.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಟ್ಟಡ ಕೆಲಸದ ಹೆಲ್ಮೆಟ್ಟಿನ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 2925 ಎಂಬ ಸಂಖ್ಯೆ ಇರಬೇಕು. ಜಾಲರಿ, ಕಿವಿಮುಚ್ಚು ಸೇರಿದ ಸೆಟ್ ಬೇಕಾದರೆ ಚೈನ್ ಸಾ ಮಾರುವವರ ಬಳಿಯೇ ತರಿಸಿಕೊಳ್ಳಬೇಕಾದೀತು. ಕೊಂಡಾಗ ಚಿಪ್ಪಿನ ಒಳ ಅಂಚು ತಿರುಗಿಸಿ ನೋಡಿದರೆ ಗಡಿಯಾರದಂಥ ಪುಟ್ಟ ಅಚ್ಚು ಕಾಣುತ್ತದೆ. ನಡುವಿನ ಅಂಕಿ ತಯಾರಾದ ವರ್ಷ, ಬಾಣ ತೋರಿಸುವುದು ತಿಂಗಳು. ಬಿಸಿಲಿನ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕನ್ನು ಒಳಗಿಂದೊಳಗೆ ಪೆಡಸುಗೊಳಿಸುವುದರಿಂದ ಈ ದಿನಾಂಕಕ್ಕೆ ಬೆಲೆ. ಪೆಲ್ಟರ್ ಹೆಸರಿನ ಕೆಲವು ಹೆಲ್ಮೆಟ್ಟುಗಳಲ್ಲಿ ಕೆಂಪು ಬಿಲ್ಲೆಯೊಂದಿದ್ದು, ಬಿಸಿಲು ಉಂಡಷ್ಟೂ ಬಿಳಿಚಿಕೊಳ್ಳುತ್ತದೆ. ಪೂರ್ತಿ ಬಿಳಿಯಾದರೆ ಬದಲಿಸುವ ಹೊತ್ತು. ಭೀಮಾ ತೀರದ ಬಿಸಿಲಿನಲ್ಲಿ ಟ್ರ್ಯಾಕ್ಟರ್ ಬಾನೆಟ್ಟಿನ ಮೇಲೆ ದಿನವಿಡೀ ಬಿದ್ದಿರುವ ಹೆಲ್ಮೆಟ್ಟಿಗೆ ಆಯುಷ್ಯ ಬೇಗ ಮುಗಿಯುತ್ತದೆ.

ಪೆಟ್ರೋಲ್ ಒದ್ದೆಯ ಬಟ್ಟೆಯಿಂದ ಅದನ್ನು ಒರೆಸುವುದು, ಪೇಂಟಿನಲ್ಲಿ ಹೆಸರು ಬರೆಸುವುದು ಎರಡೂ ಬೇಡ. ದ್ರಾವಕಗಳು ಚಿಪ್ಪನ್ನು ಕೊರೆಯುತ್ತವೆ, ಸಾಬೂನು ನೀರು ಸಾಕು. ದೊಡ್ಡ ಟೊಂಗೆಯ ಪೆಟ್ಟೊಂದು ಬಿದ್ದ ಮೇಲೆ ಬಿರುಕು ಕಾಣದಿದ್ದರೂ ಆ ಹೆಲ್ಮೆಟ್ಟಿನ ಕೆಲಸ ಮುಗಿಯಿತು. ಹಾಗೆಯೇ ಎಸೆದರೆ ಇನ್ನೊಬ್ಬ ಕೂಲಿಕಾರ ಎತ್ತಿ ಹಾಕಿಕೊಂಡಾನು, ಅದಕ್ಕೇ ಪಟ್ಟಿಗಳನ್ನು ಕತ್ತರಿಸಿ, ಚಿಪ್ಪನ್ನು ಹ್ಯಾಕ್‌ಸಾದಲ್ಲಿ ಎರಡು ಹೋಳು ಮಾಡಿ ಎಸೆಯಬೇಕು.