‘ಅಮ್ಮನಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ’

ಬಯಾಪ್ಸಿ ವರದಿ ಬಂದ ದಿನ ಮಕ್ಕಳು ಮೊದಲು ಮಾಡುವ ಕೆಲಸ ಒಂದೇ: ಅಮ್ಮನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ತಾವು ಒಳಗೆ ಹೋಗುವುದು. ‘ಗೊತ್ತಾದರೆ ಕುಸಿದುಹೋಗ್ತಾರೆ’ ಎಂಬುದು ಕ್ಯಾನ್ಸರ್ ಬಗ್ಗೆ ನಮ್ಮ ಮನೆಗಳಲ್ಲಿರುವ ಅತಿ ಗಟ್ಟಿ ನಂಬಿಕೆ. ಹುಟ್ಟಿದ್ದು ಪ್ರೀತಿಯಿಂದಲೇ, ಅನುಮಾನವಿಲ್ಲ. ಆದರೆ ಮುಚ್ಚಿಡುವುದಾದರೂ ಹೇಗೆ? 1973ರಿಂದ ಬೆಂಗಳೂರಿನಲ್ಲಿರುವ ಕಿದ್ವಾಯಿ ಯಾವ ಕಾಯಿಲೆಯ ಆಸ್ಪತ್ರೆ ಎಂದು ಹಳ್ಳಿಯ ಅಜ್ಜಿಗೂ ಗೊತ್ತು. ಕೂದಲು ಉದುರಿದ ಮೇಲೂ ‘ಬರೀ ಗಡ್ಡೆ’ ಎಂದರೆ ಯಾರು ನಂಬುತ್ತಾರೆ? ಮಕ್ಕಳು ನೊಂದುಕೊಳ್ಳಬಾರದೆಂದು ನಂಬಿದ ಹಾಗೆ ಇರುತ್ತಾರೆ, ಅಷ್ಟೇ. ಮನಸ್ಸಿನಲ್ಲಿರುವ ಭಯವನ್ನು ಹೇಳಿಕೊಳ್ಳಲು ಮಾತ್ರ ಅವರಿಗೆ ಮನೆಯಲ್ಲಿ ಯಾರೂ ಇಲ್ಲದಂತಾಗುತ್ತದೆ.

ಹೇಳಬೇಕೆಂದರೆ ಎಲ್ಲವನ್ನೂ ಒಂದೇ ಸಲ ಒಪ್ಪಿಸಬೇಕಾಗಿಲ್ಲ. ‘ಡಾಕ್ಟ್ರು ಹೇಳಿದ್ದನ್ನೆಲ್ಲ ಹೇಳಲಾ ಅಮ್ಮ, ಇಲ್ಲಾ ನಾವೇ ನೋಡ್ಕೊಳ್ಳೋಣ್ವಾ?’ ಎಂದು ಕೇಳಿ. ಎಷ್ಟು ತಿಳಿಯಬೇಕೆಂದು ಅವರೇ ಹೇಳುತ್ತಾರೆ. ‘ನೀವೇ ನೋಡ್ಕೊಳ್ರಪ್ಪ’ ಎನ್ನುವವರೂ ಇದ್ದಾರೆ. ಅದೂ ಅವರದೇ ತೀರ್ಮಾನ.

ಮುಚ್ಚಿಟ್ಟದ್ದು ಎಷ್ಟು ದುಬಾರಿ ಎಂದು ಗೊತ್ತಾಗುವುದು ಜ್ವರ ಬಂದ ರಾತ್ರಿ. ‘ಕೀಮೋ ಆದಮೇಲೆ ಮೈ ಬೆಚ್ಚಗಾಗುವುದು ಇದ್ದದ್ದೇ, ಒಂದು ಜ್ವರದ ಮಾತ್ರೆ ಕೊಟ್ಟು ಮಲಗಿಸಿ’ ಎಂಬ ಸಲಹೆ ಎಲ್ಲ ಮನೆಯಲ್ಲೂ ಸಿದ್ಧವಾಗಿರುತ್ತದೆ. ಈ ಬರಹದಲ್ಲಿರುವ ನಂಬಿಕೆಗಳಲ್ಲೆಲ್ಲ ಪ್ರಾಣಕ್ಕೇ ಎರವಾಗಬಲ್ಲದ್ದು ಇದು. ಕೀಮೋ ಔಷಧ ಅಸ್ಥಿಮಜ್ಜೆಯನ್ನೂ ಬಿಡುವುದಿಲ್ಲ. ಸಾಮಾನ್ಯವಾಗಿ ಔಷಧ ಕೊಟ್ಟ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳು ತೀರಾ ಕೆಳಗಿಳಿದಿರುತ್ತವೆ. ಆಗ ಸೋಂಕು ತಗುಲಿದರೆ ಕೀವು, ಊತ ಕಾಣಿಸದೇ ಹೋಗಬಹುದು. ಎಷ್ಟೋ ಸಲ ಜ್ವರವೊಂದೇ ಸುಳಿವು. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ಬೆಳಗಾಗಲೆಂದು ಕಾಯಬೇಡಿ, ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಮಾತ್ರೆಗೆ ಜ್ವರ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಬರೀ ನಡುಕ, ಮಂಪರು ಕಂಡರೂ ಅಷ್ಟೇ ಅವಸರ. ತುರ್ತು ವಿಭಾಗದಲ್ಲಿ ನಿಮ್ಮ ಮೊದಲ ಮಾತು ‘ಕೀಮೋ ನಡೀತಿದೆ, ಕೊನೆಯದು ಇಂಥ ದಿನ ಆಯ್ತು’ ಎಂದಿರಲಿ. ಜ್ವರ ಎಂಥ ಅಪಾಯ ಎಂದು ಯಾರೂ ಬಿಡಿಸಿ ಹೇಳದ ತಾಯಿ ಆ ರಾತ್ರಿ ನಿಮ್ಮನ್ನು ಎಬ್ಬಿಸುವುದಿಲ್ಲ. ಮಕ್ಕಳ ನಿದ್ದೆ ಯಾಕೆ ಕೆಡಿಸಲಿ ಎಂದು ಕಂಬಳಿ ಹೊದ್ದು ಮಲಗಿಬಿಡುತ್ತಾರೆ.

ಮೊಮ್ಮಕ್ಕಳನ್ನು ದೂರವಿಡುವ ವಿಷಯದಲ್ಲಿ ಲೆಕ್ಕ ತಲೆಕೆಳಗಾಗಿದೆ. ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ. ಹೊರಗಿನ ಯಂತ್ರದಿಂದ ರೇಡಿಯೇಶನ್ ಕೊಟ್ಟಿದ್ದರೆ ಮೈಯಲ್ಲಿ ವಿಕಿರಣ ಉಳಿಯುವುದೂ ಇಲ್ಲ. ಥೈರಾಯ್ಡ್ ಕ್ಯಾನ್ಸರಿಗೆ ಕೊಡುವ ವಿಕಿರಣಶೀಲ ಅಯೋಡಿನ್‌ನಂಥ ಕೆಲವು ಚಿಕಿತ್ಸೆಗಳು ಬೇರೆ, ಅವಕ್ಕೆ ಕೆಲವು ದಿನ ಅಂತರ ಬೇಕು. ಉಳಿದಂತೆ ಅಜ್ಜಿಯಿಂದ ಮಗುವಿಗೇನೂ ಆಗದು. ನೆಗಡಿಯಾದ ಮಗುವಿನಿಂದಲೇ ಅಜ್ಜಿಯನ್ನು ಕಾಪಾಡಬೇಕು. ಕೀಮೋ ಆದ ಎರಡು ದಿನ ವಾಂತಿ, ಮೂತ್ರ ಶುಚಿ ಮಾಡುವವರು ಗ್ಲೌಸ್ ಹಾಕಿಕೊಂಡರಾಯಿತು.

ಬಯಾಪ್ಸಿ ಸೂಜಿಯಿಂದ ರೋಗ ಹರಡುತ್ತದೆ ಎನ್ನುವ ಮಾತಿಗೆ ಹೆಚ್ಚು ಹೊತ್ತು ಬೇಡ: ಆ ಅಪಾಯ ತೀರಾ ಅಪರೂಪ, ಪರೀಕ್ಷೆಯಿಲ್ಲದೆ ಯಾವ ಔಷಧ ಎಂದು ನಿರ್ಧರಿಸುವುದೂ ಕಷ್ಟ.

ಊಟದ ಮಾತಿಗೆ ಬಂದರೆ, ‘ಸಕ್ಕರೆ ಗಡ್ಡೆಯನ್ನು ಸಾಕುತ್ತದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಯಾರ ಮನೆಗೂ ಬಾರದೇ ಉಳಿದಿಲ್ಲ. ಗ್ಲೂಕೋಸ್ ದೇಹದ ಎಲ್ಲ ಕೋಶಗಳಿಗೂ ಬೇಕು. ಸಕ್ಕರೆ ಬಿಟ್ಟ ಮಾತ್ರಕ್ಕೆ ಗಡ್ಡೆ ಉಪವಾಸ ಬೀಳುವುದಿಲ್ಲ. ಮಧುಮೇಹ ಇದ್ದವರ ಪಥ್ಯ ಬೇರೆ. ಆದರೆ ಸಿಹಿ ಬೇಡ, ಮೊಟ್ಟೆ ಬೇಡ, ಗಂಜಿಯೇ ಸಾಕು ಎನ್ನುತ್ತಾ ಹೋದರೆ ತೂಕ ಇಳಿಯುತ್ತದೆ, ಸುಸ್ತಾದ ಮೈಗೆ ಮುಂದಿನ ಕೀಮೋ ಕೊಡಲಾಗದೆ ಮುಂದಕ್ಕೆ ಹೋಗಬಹುದು. ಬೇಯಿಸಿದ ಬೇಳೆ, ಮೊಟ್ಟೆ ಚೆನ್ನಾಗಿ ಹೋಗಲಿ. ಒಗ್ಗರಣೆಯ ವಾಸನೆಗೇ ವಾಕರಿಕೆ ಬರುತ್ತಿದ್ದರೆ ಅಡುಗೆಮನೆಯ ಬಾಗಿಲು ಮುಚ್ಚಿ, ಅನ್ನವನ್ನು ಆರಿಸಿ ಬಡಿಸಿ. ತಣಿದ ಊಟಕ್ಕೆ ವಾಸನೆ ಕಡಿಮೆ. ಬಾಯೆಲ್ಲ ಕಬ್ಬಿಣ ನೆಕ್ಕಿದಂತಿದೆ ಎಂದರೆ ಸ್ಟೀಲ್ ಚಮಚದ ಬದಲು ಪ್ಲಾಸ್ಟಿಕ್‌ನದು ಕೊಟ್ಟು ನೋಡಿ.

ಇನ್ನು ‘ಗಿಡಮೂಲಿಕೆ ತಾನೇ, ಏನೂ ಆಗಲ್ಲ’. ನಮ್ಮ ಅಂಗಳದ ನಿತ್ಯಪುಷ್ಪದಿಂದ ತೆಗೆದ ವಿನ್‌ಕ್ರಿಸ್ಟಿನ್ ರಕ್ತಕ್ಯಾನ್ಸರಿಗೆ ಇಂದಿಗೂ ಕೊಡುವ ಔಷಧ. ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ಬೆನ್ನುಹುರಿಯ ದ್ರವಕ್ಕೆ ತಪ್ಪಿ ಹೋದರೆ ಜೀವವೇ ಹೋಗುತ್ತದೆ. ಗಿಡಕ್ಕೆ ಶಕ್ತಿಯಿದೆ ಎಂದು ಒಪ್ಪುವವರು ಅದು ಕೆಡುಕನ್ನೂ ಮಾಡಬಲ್ಲದೆಂದು ಒಪ್ಪಬೇಕಲ್ಲವೇ? ಲಕ್ಷ್ಮಣ ಫಲದ ಎಲೆಯ ಕಷಾಯ ಮನುಷ್ಯರ ಕ್ಯಾನ್ಸರ್ ವಾಸಿ ಮಾಡಿದ್ದಕ್ಕೆ ಪುರಾವೆಯಿಲ್ಲ, ಅದರಲ್ಲಿರುವ ಅನೊನಾಸಿನ್ ನರಗಳಿಗೆ ವಿಷ. ಆಗಲೇ ಕುಡಿಸುತ್ತಿದ್ದರೆ ವೈದ್ಯರಿಗೆ ಹೇಳಿಬಿಡಿ, ಬೈಸಿಕೊಂಡರೂ ಚಿಂತೆಯಿಲ್ಲ. ಲಿವರ್ ವರದಿ ಏರುಪೇರಾದಾಗ ಅವರಿಗೆ ಕಾರಣ ತಿಳಿಯಬೇಕು.

ಮಾರ್ಫಿನ್ ಬರೆದರೆ ಕಥೆ ಮುಗಿಯಿತು ಎಂದು ಅಳುವವರಿದ್ದಾರೆ. ಅದು ನೋವಿನ ಔಷಧ; ಗುಣವಾಗುವ ಹಂತದಲ್ಲಿರುವವರಿಗೂ ಕೊಡುತ್ತಾರೆ. ವೈದ್ಯರು ಹೇಳಿದ ಅಳತೆಯಲ್ಲಿ, ಹೊತ್ತುಹೊತ್ತಿಗೆ ಕೊಡಬೇಕು; ನೋವು ತಡೆಯಲಾಗದಾದ ಮೇಲೆ ನೋಡೋಣ ಎಂದು ಕೂರಬಾರದು. ಅದರ ಜೊತೆ ಮಲಬದ್ಧತೆಗೆ ಬರೆದ ಔಷಧವನ್ನು ಬಿಡಬೇಡಿ. ಹೊಟ್ಟೆ ಕಟ್ಟಿದ ಕಾಟಕ್ಕೇ ಎಷ್ಟೋ ಅಪ್ಪಂದಿರು ನೋವಿನ ಮಾತ್ರೆಯನ್ನು ತಲೆದಿಂಬಿನಡಿ ತಳ್ಳಿಬಿಡುತ್ತಾರೆ.