ಹಣೆಪಟ್ಟಿಗೆ ಜೀವ ಬಂದಾಗ

ಹಣ ವರ್ಗಾಯಿಸುವ ವೆಬ್ ಸರ್ವಿಸ್‌ಗೆ ಮೊತ್ತ ‘ಮೈನಸ್ 500’ ಎಂದು ಬಂತೆನ್ನಿ. ಕೊಡುವವರ ಖಾತೆಯಿಂದ ಮೈನಸ್ 500 ಕಳೆದರೆ ಅಲ್ಲಿ 500 ರೂಪಾಯಿ ಕೂಡುತ್ತದೆ. ಪಡೆಯಬೇಕಾದವರ ಖಾತೆಯಿಂದ ಅಷ್ಟೇ ಹಣ ಹೋಗುತ್ತದೆ. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಪರೀಕ್ಷೆಯ ವೇಳೆ ಹೀಗೇ ಆಯಿತು. ಮೊತ್ತ ಸೊನ್ನೆಗಿಂತ ಹೆಚ್ಚಿದೆಯೇ ಎಂದು ನೋಡುವ ನಾಲ್ಕು ಸಾಲು ಉಳಿದೆಲ್ಲ ಮೆಥಡ್‌ಗಳಲ್ಲೂ ಇತ್ತು. ಕಾಪಿ ಮಾಡಿ ಅಂಟಿಸುತ್ತಾ ಹೋದಾಗ ಒಂದು ಮಾತ್ರ ತಪ್ಪಿಹೋಗಿತ್ತು.

ಆ ಸರ್ವಿಸ್ ಬರೆದದ್ದು ಡಬ್ಲ್ಯೂಸಿಎಫ್‌ನಲ್ಲಿ. ಮೈಕ್ರೋಸಾಫ್ಟ್ 2006ರಲ್ಲಿ ಡಾಟ್‌ನೆಟ್ 3.0 ಜೊತೆ ತಂದ ಚೌಕಟ್ಟು ಅದು. ಅಲ್ಲಿ ಮೆಥಡ್ ಮೇಲೆ ಚೌಕ ಆವರಣದಲ್ಲಿ ‘ಆಪರೇಷನ್ ಕಾಂಟ್ರಾಕ್ಟ್’ ಎಂದು ಬರೆದರೆ ಆ ಮೆಥಡ್ ಹೊರಗಿನವರಿಗೆ ತೆರೆದುಕೊಳ್ಳುತ್ತದೆ. ಇದೇ ಆಟ್ರಿಬ್ಯೂಟ್. ಆದರೆ ಆಟ್ರಿಬ್ಯೂಟ್ ತಾನಾಗಿ ಏನನ್ನೂ ಮಾಡುವುದಿಲ್ಲ. ಅದು ಹಣೆಪಟ್ಟಿ ಅಷ್ಟೇ. ಓದುವವರಿದ್ದರೆ ಮಾತ್ರ ಅದಕ್ಕೆ ಬೆಲೆ. ‘ಮೊತ್ತ ಪರಿಶೀಲಿಸು’ ಎಂಬ ಹೊಸ ಹಣೆಪಟ್ಟಿಯನ್ನು ನಾವೇ ಬರೆದು ಅಂಟಿಸಿದರೂ ಮೈನಸ್ 500 ಸಲೀಸಾಗಿ ಒಳಗೆ ಬರುತ್ತದೆ.

ಡಬ್ಲ್ಯೂಸಿಎಫ್‌ನ ಸೊಗಸು ಇಲ್ಲಿಂದ ಮುಂದೆ. ಅದೇ ಆಟ್ರಿಬ್ಯೂಟ್ ಕ್ಲಾಸ್ ‘ಐ-ಆಪರೇಷನ್-ಬಿಹೇವಿಯರ್’ ಎಂಬ ಇಂಟರ್‌ಫೇಸನ್ನೂ ಒಪ್ಪಿಕೊಂಡರೆ ಹಣೆಪಟ್ಟಿಗೆ ಜೀವ ಬರುತ್ತದೆ. ಸರ್ವಿಸ್ ತೆರೆಯುವಾಗ ಡಬ್ಲ್ಯೂಸಿಎಫ್ ಅದನ್ನು ಕರೆಯುತ್ತದೆ. ಆಗ ಹಣೆಪಟ್ಟಿ ಆ ಮೆಥಡ್‌ಗೆ ಒಬ್ಬ ಕಾವಲುಗಾರನನ್ನು, ಅಂದರೆ ಪ್ಯಾರಾಮೀಟರ್ ಇನ್‌ಸ್ಪೆಕ್ಟರನ್ನು, ನೇಮಿಸುತ್ತದೆ. ಪ್ರತಿ ಕರೆಗೂ ಮೊದಲು ಅವನು ಒಳಬರುವ ಮೌಲ್ಯಗಳನ್ನು ನೋಡುತ್ತಾನೆ. ಮೊತ್ತ ಸರಿಯಿಲ್ಲದಿದ್ದರೆ ಫಾಲ್ಟ್ ಎಸೆಯುತ್ತಾನೆ, ಮೆಥಡ್ ಓಡುವುದೇ ಇಲ್ಲ. ನಾಲ್ಕು ಸಾಲಿನ ಜಾಗದಲ್ಲಿ ಒಂದೇ ಪದ. ನಿಯಮ ಬದಲಾದರೆ ತಿದ್ದಬೇಕಾದ್ದೂ ಒಂದೇ ಕಡೆ.

ಹಾಗಾದರೆ ಹಣೆಪಟ್ಟಿ ಅಂಟಿಸುವುದನ್ನೇ ಮರೆತರೆ? ನನಗೆ ಇದೇ ಮುಖ್ಯ ಪ್ರಶ್ನೆ. ಉತ್ತರ ಇಡೀ ಸರ್ವಿಸ್‌ಗೆ ಅನ್ವಯಿಸುವ ‘ಐ-ಸರ್ವಿಸ್-ಬಿಹೇವಿಯರ್’ ಇಂಟರ್‌ಫೇಸಿನ ‘ವ್ಯಾಲಿಡೇಟ್’ ಮೆಥಡ್‌ನಲ್ಲಿದೆ, ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ, ಬಿಡಬಾರದು. ಸರ್ವಿಸ್ ಬಾಗಿಲು ತೆರೆಯುವ ಮೊದಲೇ ಅದು ಓಡುತ್ತದೆ, ಎಲ್ಲ ಮೆಥಡ್‌ಗಳ ವಿವರವೂ ಅದರ ಕೈಗೆ ಸಿಗುತ್ತದೆ. ಹಣ ಮುಟ್ಟುವ ಯಾವುದಾದರೂ ಮೆಥಡ್‌ಗೆ ಹಣೆಪಟ್ಟಿ ಇಲ್ಲದಿದ್ದರೆ ಅಲ್ಲೇ ಎಕ್ಸೆಪ್ಷನ್ ಎಸೆಯಬಹುದು.

ನಾವು ಹಾಗೆಯೇ ಮಾಡಿದೆವು. ಮೊದಲ ಸಲ ಚಾಲೂ ಮಾಡಿದಾಗ ಸರ್ವಿಸ್ ಏಳಲೇ ಇಲ್ಲ. ಪರದೆಯ ಮೇಲೆ ಒಂದು ಮೆಥಡ್‌ನ ಹೆಸರಿತ್ತು: ಬಡ್ಡಿ ಜಮಾ ಮಾಡುವುದು. ಅದು ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ.